ತಲೆಯಾಡಿಸಿದರೆ ಅರ್ಥವಾದಂತಲ್ಲ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ವಿನಂತಿ. ವೇದಿಕೆಯ ಬಲಕ್ಕೆ ನಿಂತಿರುವ ಸಂಜ್ಞಾ ಭಾಷಾ ದುಭಾಷಿಯ ಮೇಲೆ ಬೀಳುತ್ತಿರುವ ದೀಪವನ್ನು ಯಾರೂ ಆರಿಸಬೇಡಿ. ನಾನು ಕತ್ತಲಲ್ಲಿದ್ದರೂ ನಡೆದೀತು. ಅವರು ಕತ್ತಲಲ್ಲಿದ್ದರೆ ಮೊದಲ ಸಾಲಿನಲ್ಲಿ ಕುಳಿತವರಿಗೆ ಈ ಉಪನ್ಯಾಸವೇ ಇರುವುದಿಲ್ಲ.

ನಾನು ಮೂವತ್ತು ವರ್ಷ ಹೊರರೋಗಿ ವಿಭಾಗದಲ್ಲಿ ಕುಳಿತವನು. ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ನಲವತ್ತರ ಆಸುಪಾಸಿನ ಒಬ್ಬ ದರ್ಜಿ ಬಂದಿದ್ದರು. ಹುಟ್ಟಿನಿಂದಲೇ ಕಿವುಡರು. ಜೊತೆಗೆ ಅವರ ಅಣ್ಣ. ಕಾಯಿಲೆ ಸಕ್ಕರೆಯದು. ನಾನು ಕೇಳಿದ್ದೆಲ್ಲ ಅಣ್ಣನನ್ನು, ಉತ್ತರಿಸಿದ್ದೂ ಅಣ್ಣನೇ. ರೋಗಿ ನಮ್ಮಿಬ್ಬರ ಮುಖಗಳನ್ನು ಸರದಿಯಂತೆ ನೋಡುತ್ತಾ ಕುಳಿತಿದ್ದರು. ಗ್ಲಿಮೆಪಿರೈಡ್ ಮಾತ್ರೆಯನ್ನು ಬೆಳಗಿನ ತಿಂಡಿಗೆ ಸ್ವಲ್ಪ ಮುಂಚೆ ತೆಗೆದುಕೊಳ್ಳಬೇಕು ಎಂದೆ. ಅಣ್ಣ ಬಾಯಿಯತ್ತ ಕೈ ಒಯ್ದು, ಬೇಡ ಎಂಬಂತೆ ಕೈಯಾಡಿಸಿ, ಮಾತ್ರೆ ನುಂಗುವಂತೆ ನಟಿಸಿ ತೋರಿಸಿದ. ತಮ್ಮ ತಲೆಯಾಡಿಸಿದರು. ನಾನು ಮುಂದಿನ ಚೀಟಿ ಕರೆದೆ.

ಹನ್ನೆರಡನೆಯ ದಿನ ಅವರನ್ನು ತುರ್ತು ವಿಭಾಗಕ್ಕೆ ಹೊತ್ತು ತಂದರು. ಮೈಯೆಲ್ಲ ಬೆವರು, ಪ್ರಜ್ಞೆ ಇಲ್ಲ. ಮಾತ್ರೆ ನುಂಗಿದ ಮೇಲೆ ಮಧ್ಯಾಹ್ನದವರೆಗೆ ಏನೂ ತಿನ್ನಬಾರದು ಎಂದು ಅವರು ತಿಳಿದುಕೊಂಡಿದ್ದರು. ಆ ಮಾತ್ರೆ ನುಂಗಿ ಉಪವಾಸ ಕುಳಿತರೆ ರಕ್ತದ ಸಕ್ಕರೆ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ಗ್ಲೂಕೋಸ್ ಕೊಟ್ಟೆವು, ಉಳಿದರು. ಆಮೇಲೆ ಹಳೆಯ ಕಡತ ತೆರೆದು ನೋಡಿದೆ. ‘ರೋಗಿಗೆ ವಿವರಿಸಲಾಗಿದೆ’ ಎಂದು ಬರೆದಿತ್ತು. ನನ್ನದೇ ಅಕ್ಷರ.

ಕಿವುಡ ರೋಗಿ ಏಕೆ ತಲೆಯಾಡಿಸುತ್ತಾರೆ? ಹಿಂದೆ ಐವತ್ತು ಜನರ ಸಾಲಿದೆ, ಎದುರಿಗಿರುವ ವೈದ್ಯರ ಹುಬ್ಬು ಗಂಟಿಕ್ಕುತ್ತಿದೆ, ಅರ್ಥವಾಗಲಿಲ್ಲ ಎಂದರೆ ಅದೇ ಮಾತನ್ನು ಇನ್ನಷ್ಟು ದೊಡ್ಡ ಬಾಯಿ ಮಾಡಿ ಹೇಳುತ್ತಾರೆ, ಅಷ್ಟೆ. ಬ್ಯಾಂಕಿನವರು ಸಾಲದ ಷರತ್ತು ಓದಿ ಹೇಳುವಾಗ ನಾವೆಲ್ಲ ತಲೆಯಾಡಿಸುವುದಿಲ್ಲವೇ, ಹಾಗೆಯೇ. ಆದರೆ ಅಲ್ಲಿ ಹೋಗುವುದು ಹಣ ಮಾತ್ರ.

‘ತುಟಿ ನೋಡಿ ತಿಳಿದುಕೊಳ್ಳುತ್ತಾರಲ್ಲ’ ಎನ್ನುವವರಿದ್ದಾರೆ. ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ ‘ಬಾವು’ ಎನ್ನಿ, ನಂತರ ‘ಮಾವು’ ಎನ್ನಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಕೂಡುತ್ತದೆ. ಕ, ಗ, ಹ ಒಳಗೆಲ್ಲೋ ಹುಟ್ಟುವ ಸದ್ದುಗಳು, ತುಟಿಗೆ ಅವುಗಳ ಸುದ್ದಿಯೇ ಇಲ್ಲ. ‘ಕಲ್ಲು ಇದೆ’ ಎಂದು ನೀವು ಮೂತ್ರಪಿಂಡದ ಬಗ್ಗೆ ಹೇಳಿದರೆ, ಎದುರಿಗಿರುವವರು ‘ಹಲ್ಲು ಇದೆ’ ಎಂದು ಓದಿಕೊಂಡು ಬೆಪ್ಪಾಗಬಹುದು. 2020ರಲ್ಲಿ ಮುಖಗವಸು ಬಂದ ಮೇಲೆ ಆ ತುಟಿಯೂ ಮುಚ್ಚಿಹೋಯಿತು.

ಬರೆದು ಕೊಟ್ಟರಾಯಿತು ಎಂಬುದು ಇನ್ನೊಂದು ಸಮಾಧಾನ. ಭಾರತೀಯ ಸಂಜ್ಞಾ ಭಾಷೆ ಎಂದರೆ ಕನ್ನಡವನ್ನು ಕೈಯಲ್ಲಿ ಆಡುವುದಲ್ಲ, ಅದಕ್ಕೆ ಅದರದೇ ವ್ಯಾಕರಣವಿದೆ. ಅದರಲ್ಲೇ ಬೆಳೆದವರಿಗೆ ಬರೆದ ಕನ್ನಡ ಎರಡನೆಯ ಭಾಷೆ. ಶಾಲೆಯಲ್ಲಿ ಸಂಜ್ಞೆಯೇ ಇಲ್ಲದೆ ಕಲಿತವರಿಗೆ ಅದೂ ಅರ್ಧಂಬರ್ಧ. ‘ಊಟಕ್ಕೆ ಮುಂಚೆ’, ‘ಊಟದ ನಂತರ’ ಎಂಬಲ್ಲಿನ ವಿಭಕ್ತಿ ಪ್ರತ್ಯಯಗಳು ನಮಗೆ ಕಿವಿಯಿಂದ ಬಂದವು, ಅವರಿಗೆ ಯಾವ ದಾರಿಯಿಂದ ಬರಬೇಕು? ಅದಿರಲಿ, ನಮ್ಮ ಚೀಟಿಗಳು ಇರುವುದು ಇಂಗ್ಲಿಷಿನಲ್ಲಿ, ಅದೂ ವೈದ್ಯರ ಕೈಬರಹದಲ್ಲಿ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಕೆನಡಾದ ಒಂದು ಮೊಕದ್ದಮೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಲಿಂಡಾ ವಾರೆನ್ ಎಂಬ ಕಿವುಡ ಮಹಿಳೆಗೆ ಅವಧಿಗೆ ಮುನ್ನವೇ ಅವಳಿ ಮಕ್ಕಳ ಹೆರಿಗೆಯಾಯಿತು. ದುಭಾಷಿ ಇರಲಿಲ್ಲ. ಒಂದು ಮಗುವಿನ ಹೃದಯ ಬಡಿತ ಇಳಿಯುತ್ತಿದೆ ಎಂಬುದನ್ನು ದಾದಿ ಕೈಸನ್ನೆಯಲ್ಲಿ ತಿಳಿಸಬೇಕಾಯಿತು. ಹುಟ್ಟಿದ ತಕ್ಷಣ ಮಕ್ಕಳನ್ನು ಬೇರೆಡೆಗೆ ಒಯ್ದರು. ಚೆನ್ನಾಗಿವೆ ಎಂಬರ್ಥದ ಒಂದು ಚೀಟಿ ಬಿಟ್ಟರೆ ತಾಯಿಗೆ ಬೇರೆ ವಿವರಣೆ ಸಿಗಲಿಲ್ಲ. ಆಕೆ, ಆಕೆಯ ಗಂಡ ಮತ್ತು ರಾಬಿನ್ ಎಲ್ಡ್ರಿಜ್ ಎಂಬ ಇನ್ನೊಬ್ಬ ಕಿವುಡ ಮಹಿಳೆ ಹೂಡಿದ ದಾವೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1997ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ದುಭಾಷಿ ಎಂದರೆ ಚಿಕಿತ್ಸೆಯ ಹೊರಗಿನ ಹೆಚ್ಚುವರಿ ಸೌಕರ್ಯ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ, ಪರಸ್ಪರ ಅರ್ಥವಾಗುವುದೇ ವೈದ್ಯಸೇವೆಯ ಬೇರ್ಪಡಿಸಲಾಗದ ಭಾಗ ಎಂದಿತು. ಇಡೀ ಪ್ರಾಂತ್ಯಕ್ಕೆ ದುಭಾಷಿ ಸೇವೆ ಒದಗಿಸಲು ಬೇಕಿದ್ದ ಅಂದಾಜು ಹಣ ಒಂದೂವರೆ ಲಕ್ಷ ಡಾಲರ್. ಆರೋಗ್ಯ ಬಜೆಟ್ಟಿನ ಶೇಕಡಾ 0.0025. ದುಡ್ಡಿಲ್ಲ ಎಂಬ ಮಾತು ಎಲ್ಲಿಂದ ಬರುತ್ತದೆ ಎಂದು ಅಂದಿನಿಂದ ನನಗೆ ಅನುಮಾನ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2011ರ ಜನಗಣತಿ 50 ಲಕ್ಷಕ್ಕೂ ಹೆಚ್ಚು ಜನರಲ್ಲಿ ಶ್ರವಣದೋಷವನ್ನು ದಾಖಲಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನ ಎಂಬ ಪದದ ಅರ್ಥದಲ್ಲೇ ಸಂಜ್ಞಾ ಭಾಷೆಯನ್ನು ಸೇರಿಸಿದೆ. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಆಸ್ಪತ್ರೆಯ ಎಲ್ಲ ಭಾಗಗಳೂ ತಡೆರಹಿತವಾಗಿರಬೇಕು ಎನ್ನುತ್ತದೆ ಅದರ 25ನೆಯ ಕಲಂ. ನಾವು ಬಾಗಿಲಿಗೆ ಒಂದು ಇಳಿಜಾರು ಕಟ್ಟಿ ಕೈತೊಳೆದುಕೊಂಡೆವು. ಗಾಲಿಕುರ್ಚಿಯವರಿಗೆ ಅದು ಬೇಕೇ ಬೇಕು. ಕಿವುಡರಾದರೋ ಮೆಟ್ಟಿಲನ್ನು ನನಗಿಂತ ಚುರುಕಾಗಿ ಹತ್ತುತ್ತಾರೆ, ಅವರಿಗೆ ತಡೆ ಇರುವುದು ನನ್ನ ಮೇಜಿನ ಬಳಿ.

ಇನ್ನು ಒಪ್ಪಿಗೆಯ ಪ್ರಶ್ನೆ. 2008ರ ಸಮೀರಾ ಕೊಹ್ಲಿ ಪ್ರಕರಣದ ರೋಗಿ ಕಿವುಡರಲ್ಲ. ಅವರು ಅರಿವಳಿಕೆಯಲ್ಲಿದ್ದಾಗ ವೈದ್ಯರು ತಾಯಿಯ ಒಪ್ಪಿಗೆ ಪಡೆದು ಹೆಚ್ಚಿನ ಶಸ್ತ್ರಚಿಕಿತ್ಸೆ ಮಾಡಿದ್ದರು. ಪ್ರಾಪ್ತವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ, ಎಚ್ಚರವಾಗಿಯೇ ಎದುರಿಗೆ ಕುಳಿತಿರುವ ಕಿವುಡ ರೋಗಿಯ ಬದಲು ಅಣ್ಣನ ಸಹಿ ಹಾಕಿಸಿಕೊಳ್ಳುವ ನಾವು ಮಾಡುತ್ತಿರುವುದೇನು? ತಾಯಿಯ ಗರ್ಭಕೋಶದ ತೊಂದರೆಯನ್ನು ಹತ್ತು ವರ್ಷದ ಮಗನಿಂದ ಹೇಳಿಸುವುದನ್ನೂ ನಾನು ಕಂಡಿದ್ದೇನೆ.

ಕೋಣೆಯೊಳಗಿನ ಸಂಗತಿಗಳು ಚಿಕ್ಕವು, ಆದರೆ ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ. ಸಂಜ್ಞೆ ಮಾಡುವ ಮುಖ್ಯ ಕೈಗೆ ಡ್ರಿಪ್ ಸೂಜಿ ಚುಚ್ಚಿದರೆ ಬಾಯಿ ಕಟ್ಟಿದಂತೆ. ಕಣ್ಣಿನ ಪರೀಕ್ಷೆಗೆ ದೀಪ ಆರಿಸುವ ಮುನ್ನವೇ ಎಲ್ಲವನ್ನೂ ಹೇಳಿ ಮುಗಿಸಬೇಕು. ಸ್ಕ್ಯಾನಿಂಗ್ ಯಂತ್ರದೊಳಗೆ ‘ಉಸಿರು ಹಿಡಿಯಿರಿ’ ಎಂದು ಧ್ವನಿವರ್ಧಕ ಕೂಗುತ್ತದೆ, ಯಾರಿಗೆ? ಕಿವಿ ಪರೀಕ್ಷೆಗೆ ಬಂದವರನ್ನೇ ಹೆಸರು ಕೂಗಿ ಕರೆದು, ‘ಬರಲಿಲ್ಲ’ ಎಂದು ಬರೆದುಕೊಳ್ಳುವುದನ್ನು ನೋಡಿ ಒಮ್ಮೆ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ತರಬೇತಾದ ದುಭಾಷಿಗಳು ಬಹಳ ಕಡಿಮೆ, ನಿಜ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. 2021ರ ಹೊತ್ತಿಗೆ ಅದರ ನಿಘಂಟು 10,000 ಪದಗಳಿಗೆ ಬೆಳೆದಿದೆ, ವೈದ್ಯಕೀಯ ಪದಗಳೂ ಅದರಲ್ಲಿವೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದಾಗ, ಪರದೆಯ ಮೇಲೆ ದುಭಾಷಿಯೂ ಇದ್ದರು. ಅಲ್ಲಿ ಸಾಧ್ಯವಾದದ್ದು ನಮ್ಮ ಮೇಜಿನ ಮೇಲಿನ ಮೊಬೈಲಿನಲ್ಲಿ ಏಕೆ ಆಗಬಾರದು?

ಅದನ್ನೇ ಮಾಡಿದೆ. ದರ್ಜಿಯವರು ಮತ್ತೆ ಬಂದಾಗ ವಿಡಿಯೊ ಕರೆಯಲ್ಲಿ ದುಭಾಷಿಯನ್ನು ಕೂರಿಸಿಕೊಂಡು, ಅಣ್ಣನನ್ನು ಹೊರಗೆ ಚಹಾ ಕುಡಿಯಲು ಕಳಿಸಿದೆ. ಹೇಳಲಾಗದ್ದಕ್ಕೆ ‘ಮೂಗ ಕಂಡ ಕನಸು’ ಎನ್ನುತ್ತೇವೆ. ಈ ಮನುಷ್ಯ ಇಪ್ಪತ್ತು ನಿಮಿಷ ನಿಲ್ಲಿಸದೆ ಹೇಳಿದರು. ಎರಡು ವರ್ಷದಿಂದ ರಾತ್ರಿ ಅಂಗಾಲು ಉರಿಯುತ್ತದೆ, ಹೊಲಿಗೆ ಯಂತ್ರದ ಪೆಡಲು ಕಾಲಿಗೆ ತಾಗಿದ್ದೇ ತಿಳಿಯುವುದಿಲ್ಲ. ನರಕ್ಕೆ ಏಟು ಬಿದ್ದಿತ್ತು. ಅಣ್ಣನಿಗೆ ಇದು ಗೊತ್ತೇ ಇರಲಿಲ್ಲ, ಮರೆಮಾಚಿದ್ದಲ್ಲ. ಕೊನೆಯಲ್ಲಿ ಅವರು ಒಂದು ಪ್ರಶ್ನೆ ಕೇಳಿದರು: ಮೊದಲ ದಿನ ನೀವು ಯಾಕೆ ನನ್ನನ್ನು ನೋಡಲೇ ಇಲ್ಲ?

ಈಗ ಪ್ರಶ್ನೆಗಳಿಗೆ ಸಮಯ. ಮೊದಲ ಸಾಲಿನಿಂದ ಆರಂಭಿಸೋಣ. ದುಭಾಷಿಯವರು ಎರಡು ಗುಟುಕು ನೀರು ಕುಡಿಯಲಿ, ಅಲ್ಲಿಯವರೆಗೆ ಕಾಯೋಣ.