ಮಗು ಎತ್ತರ ಆಗ್ತಿದೆಯಾ, ಅಳೆದು ನೋಡಿದೀರಾ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಕರುಳಿನ ಕಾಯಿಲೆ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದಾರೆ. ಈ ಹೊತ್ತಲ್ಲಿ ನೀವು ಮಕ್ಕಳಿಗೆ ಜಡೆ ಹಾಕ್ತಾ, ಊಟದ ಡಬ್ಬಿ ತುಂಬ್ತಾ ಅರ್ಧ ಕಿವಿ ಈ ಕಡೆ ಕೊಟ್ಟಿರ್ತೀರಿ, ಅದಕ್ಕೇ ಮುಖ್ಯವಾದದ್ದನ್ನ ಮೊದಲೇ ಹೇಳಿಬಿಡ್ತೀನಿ. ಮಗುವಿನ ಎತ್ತರ ಅಳೀರಿ. ತೂಕ ಎಲ್ಲರೂ ನೋಡ್ತಾರೆ, ನಾನು ಹೇಳ್ತಿರೋದು ಎತ್ತರ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆ ಮೇಲೆ ಒಂದು ಪುಸ್ತಕ ಇಟ್ಟು ಪೆನ್ಸಿಲಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ತಾರೀಖು ಬರೀರಿ, ಅಷ್ಟೇ.

ಹೊಟ್ಟೆ ಡಾಕ್ಟ್ರಿಗೆ ಎತ್ತರದ ಚಿಂತೆ ಯಾಕೆ ಅಂತೀರಾ? ಐಬಿಡಿ, ಅಂದ್ರೆ ಕರುಳು ಊದಿಕೊಳ್ಳೋ ದೀರ್ಘಕಾಲದ ಒಂದು ಕಾಯಿಲೆ ಇದೆ, ಅದರಲ್ಲಿ ಎರಡು ಥರ, ಕ್ರೋನ್ಸ್ ಒಂದು, ಅಲ್ಸರೇಟಿವ್ ಕೊಲೈಟಿಸ್ ಇನ್ನೊಂದು. ಕೊಲೈಟಿಸ್ ದೊಡ್ಡ ಕರುಳಲ್ಲಿ ಮಾತ್ರ, ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದ್ರೂ ಬರಬಹುದು. ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಕರುಳಿನ ಮೇಲೇ ತಿರುಗಿಬಿದ್ದು ಹುಣ್ಣು, ಊತ ಮಾಡುತ್ತೆ. ಅಂಟುರೋಗ ಅಲ್ಲ, ಪಾನಿಪುರಿ ತಿಂದಿದ್ದಕ್ಕೆ ಬಂದದ್ದೂ ಅಲ್ಲ, ಅಮ್ಮನ ತಪ್ಪಂತೂ ಖಂಡಿತ ಅಲ್ಲ. ಆ ಊತದಿಂದ ರಕ್ತಕ್ಕೆ ಸೇರೋ ಕೆಮಿಕಲ್‌ಗಳು ಬೆಳವಣಿಗೆ ಹಾರ್ಮೋನಿನ ಕೆಲಸಕ್ಕೇ ಅಡ್ಡ ಬರ್ತವೆ, ಮೇಲಿಂದ ಮಗು ಸರಿಯಾಗಿ ಊಟ ಮಾಡಲ್ಲ, ಮಾಡಿದ್ದೂ ಪೂರ್ತಿ ಮೈಗೆ ಹತ್ತಲ್ಲ. ಹಂಗಾಗಿ ಕ್ರೋನ್ಸ್‌ನಲ್ಲಿ ಎಷ್ಟೋ ಸಲ ಭೇದಿ, ಹೊಟ್ಟೆನೋವಿಗಿಂತ ಮುಂಚೆ ಎತ್ತರ ನಿಂತುಹೋಗಿರುತ್ತೆ.

ಒಬ್ಬ ಹುಡುಗ ಬಂದಿದ್ದ, ಏಳನೇ ಕ್ಲಾಸು, ಬಯಲುಸೀಮೆ ಕಡೆಯವನು. ಆಗಾಗ ಹೊಟ್ಟೆನೋವು, ಬಾಯಲ್ಲಿ ಹುಣ್ಣು, ಸಂಜೆ ಹೊತ್ತಿಗೆ ಸಣ್ಣ ಜ್ವರ. ಜಂತುಹುಳದ ಮಾತ್ರೆ ಆಗಿತ್ತು, ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ತಿಕ್ಕಿಸಿದ್ದೂ ಆಗಿತ್ತು, ದೃಷ್ಟಿ ತೆಗೆಸಿದ್ದೂ ಆಗಿತ್ತು. ಆಮೇಲೆ ಎಲ್ಲೋ ಸ್ಕ್ಯಾನ್ ಮಾಡಿ ಸಣ್ಣ ಕರುಳಿನ ಕೊನೆ ಭಾಗ ದಪ್ಪ ಆಗಿದೆ ಅಂತ ಟಿಬಿ ಔಷಧಿ ಶುರು ಮಾಡಿದ್ರು. ನಮ್ಮ ದೇಶದಲ್ಲಿ ಟಿಬಿ ಅಂದುಕೊಳ್ಳೋದು ಸಹಜಾನೇ, ಯಾಕಂದ್ರೆ ಟಿಬಿ, ಕ್ರೋನ್ಸ್ ಎರಡೂ ಅದೇ ಜಾಗಕ್ಕೆ ಬರ್ತವೆ, ನೋಡೋಕೂ ಹೆಚ್ಚೂಕಮ್ಮಿ ಒಂದೇ ಥರ. ಆದ್ರೆ ಟಿಬಿ ಔಷಧಿ ಶುರುವಾಗಿ ಎರಡು ಮೂರು ತಿಂಗಳಾದ್ರೂ ಗುಣ ಕಾಣ್ತಿಲ್ಲ ಅಂದ್ರೆ ಮತ್ತೆ ಯೋಚನೆ ಮಾಡಬೇಕು, ಈ ಹುಡುಗ ಪೂರ್ತಿ ಕೋರ್ಸ್ ನುಂಗಿ ಇನ್ನೂ ಬಡಕಲಾಗಿದ್ದ.

ಅವರಮ್ಮನ್ನ ಕೇಳಿದೆ, ಬೆಳೀತಿದಾನೇನಮ್ಮ ಅಂತ. "ನಮ್ಮ ಮನೇಲಿ ಎಲ್ಲರೂ ಕುಳ್ಳೇ ಸಾರ್, ಒಂದು ಅನುಕೂಲ ಅಂದ್ರೆ ಎರಡು ವರ್ಷದಿಂದ ಅದೇ ಯೂನಿಫಾರಂ ಪ್ಯಾಂಟು, ಹೊಸದು ಹೊಲಿಸೋ ಖರ್ಚೇ ಇಲ್ಲ" ಅಂದ್ರು! ನನಗೆ ಅಲ್ಲೇ ಅರ್ಧ ಗೊತ್ತಾಯ್ತು. ಸ್ಕೂಲಿನ ಹೆಲ್ತ್ ಕಾರ್ಡ್ ತರಿಸಿ ನೋಡಿದ್ರೆ ಐದನೇ ಕ್ಲಾಸಲ್ಲಿ 131 ಸೆಂಟಿಮೀಟರ್, ಏಳನೇ ಕ್ಲಾಸಲ್ಲಿ 133. ಆ ವಯಸ್ಸಲ್ಲಿ ಮಗು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಆದ್ರೂ ಬೆಳೀಬೇಕು, 4ಕ್ಕಿಂತ ಕಮ್ಮಿ ಅಂದ್ರೆ ಕಾರಣ ಹುಡುಕಲೇಬೇಕು. ಕಾರ್ಡಲ್ಲಿ ಎಲ್ಲಾ ಬರೆದಿತ್ತು ಸ್ವಾಮಿ, ಬರೆದೋರೂ ಓದಿಲ್ಲ, ಸಹಿ ಹಾಕಿದೋರೂ ಓದಿಲ್ಲ.

ಕೊಲೊನೋಸ್ಕೋಪಿ, ಅಂದ್ರೆ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡೋದು, ಬಯಾಪ್ಸಿ, ಅಂದ್ರೆ ಚೂರು ತೆಗೆದು ಪರೀಕ್ಷೆ ಮಾಡೋದು, ಎಲ್ಲಾ ಮಾಡಿ ಕ್ರೋನ್ಸ್ ಅಂತ ಗಟ್ಟಿ ಆಯ್ತು. ಚಿಕಿತ್ಸೆ ಏನಂದ್ರೆ ಎಂಟು ವಾರ ಊಟ ಬಂದ್. ಅನ್ನ ಇಲ್ಲ, ಮುದ್ದೆ ಇಲ್ಲ, ಬರೀ ಲೆಕ್ಕ ಹಾಕಿ ಕೊಡೋ ಪೌಷ್ಟಿಕ ದ್ರವ, ದಿನಪೂರ್ತಿ ಅದೇ. ಟೀವೀಲಿ ಬರೋ ಎತ್ತರ ಮಾಡೋ ಪೌಡರ್ ಅಲ್ಲ ಮತ್ತೆ, ದಯವಿಟ್ಟು ಅಂಗಡಿಗೆ ಓಡಬೇಡಿ! ಅಜ್ಜಿ ನನ್ನ ಮೇಲೆ ಎಗರಾಡಿಬಿಟ್ರು, ಬಡಕಲು ಮಗೂಗೆ ಉಪವಾಸ ಹಾಕ್ತೀರಾ ನೀವು ಡಾಕ್ಟ್ರಾ ಅಂತ. ಗಣೇಶನ ಹಬ್ಬ ಮಧ್ಯದಲ್ಲೇ ಬಂತು, ಮನೆ ತುಂಬ ಕಡುಬು, ನಾನು ಇವತ್ತಿಗೆ ಕೆಟ್ಟಿತು ಅಂತಲೇ ಅನ್ಕೊಂಡಿದ್ದೆ. ಆದ್ರೆ ಅಷ್ಟೊತ್ತಿಗೆ ಹುಡುಗನ ಜ್ವರ ನಿಂತು ನೋವು ಇಳಿದು ಬೀದೀಲಿ ಕ್ರಿಕೆಟ್ ಆಡೋಕೆ ಶುರು ಮಾಡಿದ್ದ, ಅದನ್ನ ನೋಡಿದ ಅದೇ ಅಜ್ಜಿ ಕಡುಬಿನ ಡಬ್ಬ ತಮ್ಮ ಮಂಚದ ಕೆಳಗಿಟ್ಟು ಕಾವಲು ಕೂತಿದ್ರಂತೆ. ಮುಂದಿನ ವರ್ಷ ಅವರಮ್ಮ ಬಂದು ಪ್ಯಾಂಟು ಗಿಡ್ಡ ಆಯ್ತು ಸಾರ್ ಅಂತ ದೂರು ಹೇಳಿದ್ರು, ಅಂಥ ದೂರು ದಿನಾ ಬರಲಿ ನನಗೆ.

ಅಯ್ಯೋ, ಕಥೇಲೇ ಸಮಯ ಹೋಯ್ತು, ಉಳಿದದ್ದು ಬೇಗ ಹೇಳ್ತೀನಿ.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿಂಜ್‌ಬರ್ಗ್, ಓಪನ್‌ಹೈಮರ್ ಅನ್ನೋ ಮೂವರು 14 ರೋಗಿಗಳ ಬಗ್ಗೆ ಬರೆದು ಇದು ಕರುಳಿನ ಟಿಬಿ ಅಲ್ಲ, ಬೇರೇನೇ ಕಾಯಿಲೆ ಅಂದ್ರು. ಅಷ್ಟು ಹಳೇ ಗೊಂದಲ ಇದು, ಇವತ್ತಿಗೂ ನಮ್ಮ ಓಪಿಡಿಗೆ ದಿನಾ ಬರುತ್ತೆ.

ಆಗ ಹೇಳಿದ ದ್ರವ ಆಹಾರ ಕ್ರೋನ್ಸ್ ಇರೋ ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳಿಗೆ ಹಿಡಿಯುತ್ತೆ, ಕೊಲೈಟಿಸ್‌ಗೆ ಕೆಲಸ ಮಾಡಲ್ಲ. ಸ್ಟಿರಾಯ್ಡ್ ಕೊಟ್ರೆ ಬೇಗ ಆರಾಮ ಅನ್ಸುತ್ತೆ ನಿಜ, ತಿಂಗಳುಗಟ್ಟಲೆ ಕೊಟ್ರೆ ಅದೇ ಎತ್ತರಕ್ಕೆ ಕಲ್ಲು ಹಾಕುತ್ತೆ. ದೊಡ್ಡವರ ಔಷಧಿ ಕಥೆ ಬೇರೆ, ಮಕ್ಕಳದ್ದು ಬೇರೆ ಅನ್ನೋದು ಇಲ್ಲೇ, ಮೂಳೆ ತುದಿ ಕೂಡಿಕೊಂಡ ಮೇಲೆ ಯಾರು ಏನು ಮಾಡಿದ್ರೂ ಬೆಳೆಯಲ್ಲ. ಊತ ಇಳಿಸೋ ಇನ್ಫ್ಲಿಕ್ಸಿಮ್ಯಾಬ್ ಅನ್ನೋ ಇಂಜೆಕ್ಷನ್‌ಗೆ 2006ರಲ್ಲಿ ಅಮೆರಿಕದಲ್ಲಿ ಮಕ್ಕಳ ಕ್ರೋನ್ಸ್‌ಗೆ ಒಪ್ಪಿಗೆ ಸಿಕ್ತು, ಇವತ್ತು ನಾವೂ ಕೊಡ್ತೀವಿ, ಆದ್ರೆ ಕೊಡೋ ಮುಂಚೆ ಮೈಯಲ್ಲಿ ಮಲಗಿರೋ ಟಿಬಿ ಇದೆಯಾ ಅಂತ ನೋಡಲೇಬೇಕು, ಆ ಔಷಧಿ ಅದನ್ನ ಎಬ್ಬಿಸಿಬಿಡುತ್ತೆ. ಇನ್ನು ಹಸುಗೂಸಲ್ಲೇ ಶುರುವಾದ್ರೆ ಒಂದೇ ಜೀನ್ ಕೆಟ್ಟಿರೋ ಸಾಧ್ಯತೆ ಇರುತ್ತೆ, ಊತ ತಣಿಸೋ ಇಂಟರ್‌ಲ್ಯೂಕಿನ್ 10 ಅನ್ನೋ ಪ್ರೋಟೀನಿನ ಸಂದೇಶ ಹಿಡಿಯೋ ರಿಸೆಪ್ಟರಿನ ದೋಷ ಅಂತ 2009ರಲ್ಲಿ ಒಂದು ಸಿಕ್ತು, ಅಂಥವರಿಗೆ ಮೂಳೆ ಮಜ್ಜೆ ಕಸಿಯಿಂದ ಗುಣ ಆಗಿದೆ.

ನಿಮ್ಮೂರಿನ ಡಾಕ್ಟ್ರ ಹತ್ರ ಹೋದಾಗ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಬೇಕಾ ಅಂತ ಕೇಳಿ, ಸೂಜಿ ಚುಚ್ಚೋದೇನಿಲ್ಲ, ಕರುಳಲ್ಲಿ ಊತ ಇದೆಯಾ ಇಲ್ವಾ ಅಂತ ಸುಳಿವು ಸಿಗುತ್ತೆ. ಮಗು ರಾತ್ರಿ ನಿದ್ದೆಯಿಂದ ಎದ್ದು ಕಕ್ಕಸಿಗೆ ಓಡ್ತಿದ್ರೆ, ಮಲದಲ್ಲಿ ರಕ್ತ ಬಂದ್ರೆ ಮೂಲವ್ಯಾಧಿ ಅಂತ ಸುಮ್ಮನಿರಬೇಡಿ, ಮಕ್ಕಳಿಗೆ ಮೂಲವ್ಯಾಧಿ ಅಪರೂಪ. ಗುದದ ಹತ್ರ ಕೀವುಗುಳ್ಳೆ ಆದ್ರೆ ಮಕ್ಕಳು ನಾಚಿಕೆಗೆ ಹೇಳಲ್ಲ, ನೀವೇ ಕೇಳಿ. ಹೆಣ್ಣುಮಕ್ಕಳನ್ನೂ ಗೋಡೆಗೆ ನಿಲ್ಲಿಸಿ, ಹುಡುಗಿ ತಾನೆ, ಗಿಡ್ಡ ಇದ್ರೆ ಏನೀಗ ಅಂತ ಬಿಟ್ಟ ಮನೆಗಳನ್ನ ತುಂಬ ನೋಡಿದೀನಿ, 15 ತುಂಬಿದ್ರೂ ಮುಟ್ಟಾಗಿಲ್ಲ ಅಂತ ಮದುವೆ ಚಿಂತೆಗೆ ಕರ್ಕೊಂಡು ಬರ್ತಾರೆ, ಅಷ್ಟೊತ್ತಿಗೆ ಕರುಳು ವರ್ಷಗಳಿಂದ ಕೆಟ್ಟಿರುತ್ತೆ. ಗಾಜಿನ ಆಚೆಯಿಂದ ಮುಗಿಸಿ ಅಂತ ಕೈ ತೋರಿಸ್ತಿದಾರೆ, ಔಷಧಿ ಖರ್ಚಿನ ವಿಷಯ ಹೇಳೋಕೇ ಆಗ್ಲಿಲ್ಲ, ಇನ್ನೊಂದ್ಸಲ ಕರೆದ್ರೆ ಅಲ್ಲಿಂದಲೇ ಶುರು ಮಾಡ್ತೀನಿ. ನಮಸ್ಕಾರ.