24 ತಿಂಗಳು ನಾವು ಕದಲಬಾರದಂತೆ, ಬೆಲೆ ಮಾತ್ರ ಕದಲಬಹುದಂತೆ

ನಮಸ್ಕಾರ. ಲಂಡನ್, ಮ್ಯಾಂಚೆಸ್ಟರ್, ಲೆಸ್ಟರ್, ಕಾರ್ಡಿಫ್, ಬ್ರಿಟನ್‌ನ ಯಾವ ಮೂಲೇಲಿ ಕೂತು ಕೇಳ್ತಿದ್ರೂ ಎಲ್ಲಾ ಕನ್ನಡದವರಿಗೂ ನಮಸ್ಕಾರ. ಇವತ್ತಿಗೆ ಬೇರೆ ವಿಷಯ ಇಟ್ಕೊಂಡಿದ್ದೆ. ಹೋದ ಕಂತಿನ ಕೆಳಗೆ ಒಬ್ಬರು ಬರೆದದ್ದು ಓದಿದ ಮೇಲೆ ಅದನ್ನ ಮುಂದಿನ ವಾರಕ್ಕೆ ತಳ್ಳಿದೆ. ಇಲ್ಲಿನ ಬ್ರಾಡ್‌ಬ್ಯಾಂಡ್ ಕಂಪನಿಗಳು ಒಪ್ಪಂದದ ಮಧ್ಯದಲ್ಲೇ ಏಪ್ರಿಲ್ ಬಂತು ಅಂತ ಬೆಲೆ ಏರಿಸೋದರ ಬಗ್ಗೆ ಅವರು ಬರೆದದ್ದು ಇಷ್ಟೇ: "ಏಪ್ರಿಲ್‌ನಲ್ಲಿ ಬ್ರಾಡ್‌ಬ್ಯಾಂಡ್ 4 ಪೌಂಡ್ ಜಾಸ್ತಿ ಆದ್ರೆ ಏನೀಗ? ಒಂದು ಕಾಫಿ ದುಡ್ಡು. ಓದ್ಕೊಂಡೇ ತಾನೇ ಸಹಿ ಹಾಕಿದ್ದು?"

ಕಾಫಿ ದುಡ್ಡಂತೆ. ಲೆಕ್ಕ ಹಾಕೇ ಬಿಡೋಣ, ಪೆನ್ನು ತಗೊಳ್ಳಿ.

ತಿಂಗಳಿಗೆ 25 ಪೌಂಡ್‌ನ ಪ್ಲಾನು, 24 ತಿಂಗಳ ಒಪ್ಪಂದ, ಪ್ರತಿ ಏಪ್ರಿಲ್‌ಗೆ 4 ಪೌಂಡ್ ಏರಿಕೆ. ಜಾಹೀರಾತು ನೋಡಿದವರು 24 ಗುಣಿಸು 25, 600 ಪೌಂಡ್ ಅಂದ್ಕೋತಾರೆ. ಈಗ ಫೆಬ್ರವರಿ 1ಕ್ಕೆ ಲೈನು ಶುರುವಾಯ್ತು ಅನ್ನಿ. ಎರಡೇ ತಿಂಗಳು 25, ಆಮೇಲೆ 12 ತಿಂಗಳು 29, ಕೊನೇ 10 ತಿಂಗಳು 33. ಒಟ್ಟು 728. ಅಂದ್ರೆ 128 ಪೌಂಡ್ ಹೆಚ್ಚು. ಅದೇ ಪ್ಲಾನು ಮೇ 1ಕ್ಕೆ ಶುರುವಾದ್ರೆ 11 ತಿಂಗಳು 25, 12 ತಿಂಗಳು 29, ಒಂದೇ ತಿಂಗಳು 33. ಒಟ್ಟು 656. ಕಂಪನಿ ಅದೇ, ವೈರು ಅದೇ, ಸ್ಪೀಡು ಅದೇ. ಸೇರಿದ ತಿಂಗಳು ಬೇರೆ ಅನ್ನೋ ಒಂದೇ ಕಾರಣಕ್ಕೆ 72 ಪೌಂಡ್ ವ್ಯತ್ಯಾಸ. ಇದು ಯಾವ ಸೀಮೆ ಕಾಫಿ ಸ್ವಾಮಿ?

ನಾನು ಹೇಳೋದು ಒಂದೇ ಮಾತು. 24 ತಿಂಗಳು ನಾವು ಕದಲಬಾರದು ಅಂದ್ರೆ, 24 ತಿಂಗಳು ಬೆಲೆನೂ ಕದಲಬಾರದು.

ನಮ್ಮೂರಲ್ಲಿ ಮನೆ ಬಾಡಿಗೆಗೆ 11 ತಿಂಗಳ ಅಗ್ರಿಮೆಂಟ್ ಮಾಡ್ತೀವಿ. ಓನರ್ ಎಷ್ಟೇ ಜೋರಿನವರಾದ್ರೂ ಬಾಡಿಗೆ ಏರಿಸೋದು ಅಗ್ರಿಮೆಂಟ್ ಹೊಸದು ಮಾಡುವಾಗ. ಬೇಡ ಅಂದ್ರೆ ನಾವು ಬೇರೆ ಮನೆ ನೋಡ್ಕೋತೀವಿ. ವರ್ತನೆ ಹಾಲಿನವರು ಲೀಟರಿಗೆ ಎರಡು ರೂಪಾಯಿ ಏರಿಸಿದ್ರೆ ನಾಳೆಯಿಂದ ಬೇಡಮ್ಮ ಅನ್ನೋ ಹಕ್ಕು ನಮಗಿದೆ. ಇಲ್ಲಿ ಮಧ್ಯದಲ್ಲಿ ಬಿಟ್ಟು ಹೋಗ್ತೀನಿ ಅಂದ್ರೆ ಉಳಿದ ತಿಂಗಳುಗಳ ಲೆಕ್ಕ ಹಿಡಿದು ಎಕ್ಸಿಟ್ ಫೀ ಕೇಳ್ತಾರೆ. ನಮ್ಮ ಕಾಲಿಗೆ ಹಗ್ಗ, ಬೆಲೆಗೆ ರೆಕ್ಕೆ.

ಸ್ವಲ್ಪ ಹಿಂದಕ್ಕೆ ಹೋಗೋಣ, ಇತ್ತೀಚೆಗೆ ಬಂದ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲ್ಲ. ಮೊದಲು ಏರಿಕೆ ಹಣದುಬ್ಬರಕ್ಕೆ ಅಂಟಿಕೊಂಡಿತ್ತು. ಡಿಸೆಂಬರ್ ತಿಂಗಳ ಸಿಪಿಐ, ಅಂದ್ರೆ ಹಣದುಬ್ಬರದ ಸರ್ಕಾರಿ ಅಳತೆ, ಎಷ್ಟೋ ಅಷ್ಟು, ಅದರ ಮೇಲೆ 3.9 ಶೇಕಡಾ. 2022ರ ಡಿಸೆಂಬರ್‌ನಲ್ಲಿ ಸಿಪಿಐ 10.5 ಇತ್ತು. ಹಾಗಾಗಿ 2023ರಲ್ಲಿ ಬಿಟಿ ಗ್ರಾಹಕರಿಗೆ ಬಿದ್ದದ್ದು 14.4 ಶೇಕಡಾ. ಮೊಬೈಲ್ ಕಂಪನಿ ಓಟೂ ಆರ್‌ಪಿಐ ಅನ್ನೋ ಇನ್ನೊಂದು ಹಳೇ ಅಳತೆ ಹಿಡ್ಕೊಂಡಿತ್ತು, ಅಲ್ಲಿ 17.3. ಹಣದುಬ್ಬರ ನಿಮ್ಮ ಖರ್ಚು ಅಂತ ಒಪ್ಪಿದ್ರೂ, ಮೇಲಿನ ಆ 3.9 ಯಾತಕ್ಕೆ? ಸಮಾಧಾನವಾಗೋ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಕೊನೆಗೆ ಫೋನ್, ಇಂಟರ್ನೆಟ್ ಕಂಪನಿಗಳ ಮೇಲೆ ಕಣ್ಣಿಡೋ ಸಂಸ್ಥೆ ಆಫ್‌ಕಾಮ್ ಎಚ್ಚೆತ್ತು, 2025ರ ಜನವರಿ 17ರಿಂದ ಮಾಡೋ ಹೊಸ ಒಪ್ಪಂದಗಳಲ್ಲಿ ಶೇಕಡಾ ಲೆಕ್ಕ ಬೇಡ, ಎಷ್ಟು ಪೌಂಡು ಎಷ್ಟು ಪೆನ್ಸು, ಯಾವಾಗ ಏರುತ್ತೆ ಅಂತ ಮೊದಲೇ ಬರೀಬೇಕು ಅಂತು.

ಒಳ್ಳೇದೇ. ಆದ್ರೆ ಏರಿಸಬೇಡಿ ಅಂತ ಹೇಳಲಿಲ್ಲ, ಏರಿಸೋದನ್ನ ನೆಟ್ಟಗೆ ಬರೀರಿ ಅಂತು ಅಷ್ಟೇ. ಇದರ ಪೆಟ್ಟು ಬಿದ್ದದ್ದು ಯಾರಿಗೆ? ಏರಿಕೆ ಎಲ್ಲರಿಗೂ 3 ಪೌಂಡ್ ಅನ್ನಿ. 24 ಪೌಂಡ್‌ನ ಪ್ಲಾನಿಗೆ ಅದು 12.5 ಶೇಕಡಾ. 60 ಪೌಂಡ್‌ನ ಗಿಗಾಬಿಟ್ ಪ್ಲಾನಿಗೆ ಅದೇ 3 ಪೌಂಡ್ ಬರೀ 5 ಶೇಕಡಾ. ಶೇರಿಂಗ್ ಮನೇಲಿ ನಾಲ್ಕು ಜನ ಸೇರಿ ಅಗ್ಗದ ಲೈನು ಹಾಕಿಸ್ಕೊಂಡ ಹುಡುಗರಿಗೆ ದೊಡ್ಡ ಪೆಟ್ಟು.

ಇನ್ನು "ಓದ್ಕೊಂಡೇ ತಾನೇ ಸಹಿ ಹಾಕಿದ್ದು" ಅನ್ನೋ ಮಾತು. ಬರೆದಿದ್ದಕ್ಕಾದ್ರೂ ಬೆಲೆ ಇದೆಯಾ? 2025ರ ಅಕ್ಟೋಬರ್‌ನಲ್ಲಿ ಓಟೂ ಮೊಬೈಲ್ ಗ್ರಾಹಕರಿಗೆ ತಿಂಗಳಿಗೆ 1.80 ಪೌಂಡ್ ಅಂತ ಹೇಳಿದ್ದ ಏರಿಕೆಯನ್ನ 2.50 ಮಾಡಿತು. ಆಫ್‌ಕಾಮ್ ಬೇಸರ ತೋಡ್ಕೊಂಡಿತು. ಗ್ರಾಹಕರಿಗೆ ಸಿಕ್ಕಿದ್ದು ದಂಡ ಇಲ್ಲದೆ ಬಿಟ್ಟು ಹೋಗೋಕೆ 30 ದಿನ, ಅದರಲ್ಲೂ ಹ್ಯಾಂಡ್‌ಸೆಟ್ ಬಾಕಿ ಕಟ್ಟಲೇಬೇಕು. ಈಗ ಹೇಳಿ, ಓದಿ ಸಹಿ ಹಾಕಿದವರ ಗತಿ ಏನಾಯ್ತು? 24 ತಿಂಗಳು ನಾವು ಕದಲಬಾರದು ಅಂದ್ರೆ ಬೆಲೆನೂ ಕದಲಬಾರದು!

ಆ 30 ದಿನ ಇದೆಯಲ್ಲ, ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಏರಿಕೆಯ ಇಮೇಲ್ ಬಂದ ತಕ್ಷಣ ನಿಮ್ಮ ಕಾಂಟ್ರಾಕ್ಟ್ ಸಮ್ಮರಿ, ಅಂದ್ರೆ ಒಪ್ಪಂದದ ಸಾರಾಂಶ, ತೆಗೀರಿ. ಸಹಿಗೆ ಮುಂಚೆ ಅದನ್ನ ಕೊಡೋದು ಅವರ ಕರ್ತವ್ಯ, ನಿಮ್ಮ ಇಮೇಲ್‌ನಲ್ಲಿ ಪಿಡಿಎಫ್ ಇರುತ್ತೆ. ಅದರಲ್ಲಿ ಬರೆದ ಮೊತ್ತ, ಬಂದ ನೋಟಿಸ್‌ನ ಮೊತ್ತ ಎರಡೂ ಒಂದೇ ಆದ್ರೆ ಎಕ್ಸಿಟ್ ಹಕ್ಕಿಲ್ಲ, ಕೂಗಾಡಿ ಪ್ರಯೋಜನ ಇಲ್ಲ. ನೋಟಿಸ್‌ನಲ್ಲಿ ಒಂದು ಪೆನ್ನಿ ಜಾಸ್ತಿ ಇದ್ರೂ, ಅಥವಾ ಒಪ್ಪಂದದಲ್ಲಿ ಏರಿಕೆ ಬಗ್ಗೆ ಏನೂ ಬರೆದಿರದಿದ್ರೂ, ಬ್ರಾಡ್‌ಬ್ಯಾಂಡ್ ಗ್ರಾಹಕರು ದಂಡ ಇಲ್ಲದೆ ಹೊರಡಬಹುದು. ಅವಧಿ ನೋಟಿಸ್ ಬಂದ ದಿನದಿಂದ ಓಡುತ್ತೆ. ಆ ಇಮೇಲ್ ಎಷ್ಟೋ ಸಲ ಪ್ರಮೋಷನ್ಸ್ ಫೋಲ್ಡರ್‌ನಲ್ಲಿ ಬಿದ್ದಿರುತ್ತೆ, ಮಾರ್ಚ್‌ನಲ್ಲಿ ಒಂದ್ಸಲ ಹುಡುಕಿ.

ಹೊರಡೋ ವಿಧಾನ ಈಗ ಸುಲಭ. 2024ರ ಸೆಪ್ಟೆಂಬರ್ 12ರಿಂದ ಕಂಪನಿ ಬದಲಿಸೋಕೆ ಒನ್ ಟಚ್ ಸ್ವಿಚ್ ಅನ್ನೋ ವ್ಯವಸ್ಥೆ ಬಂದಿದೆ. ಹೊಸ ಕಂಪನಿಗೆ ಹೆಸರು, ವಿಳಾಸ, ಈಗಿನ ಕಂಪನಿ ಯಾವುದು ಅಂತ ಹೇಳಿದ್ರೆ ಸಾಕು, ಹಳೇದನ್ನ ನಿಲ್ಲಿಸೋದು ಅವರ ಕೆಲಸ. ಹಳೇ ಕಂಪನಿಯಿಂದ ನಿಮಗೊಂದು ಮೆಸೇಜ್ ಬರುತ್ತೆ, ಎಕ್ಸಿಟ್ ಫೀ ಇದ್ರೆ ಅದರಲ್ಲೇ ಇರುತ್ತೆ. ಅದನ್ನ ಓದಿ ಆಮೇಲೆ ಹೂಂ ಅನ್ನಿ. ನೀವೇ ಮುಂಚಿತವಾಗಿ ಹಳೇ ಲೈನ್ ಕ್ಯಾನ್ಸಲ್ ಮಾಡಬೇಡಿ. ವಾರಗಟ್ಟಲೆ ಇಂಟರ್ನೆಟ್ ಇಲ್ಲದೆ ಕೂರಬೇಕಾಗುತ್ತೆ, ಲ್ಯಾಂಡ್‌ಲೈನ್ ನಂಬರೂ ಕೈಬಿಟ್ಟು ಹೋಗಬಹುದು.

ಇಲ್ಲಿ ಬಹಳ ಜನ ಎಡವೋ ಜಾಗ ಟಿವಿ. ಒನ್ ಟಚ್ ಸ್ವಿಚ್ ನೋಡ್ಕೊಳ್ಳೋದು ಬ್ರಾಡ್‌ಬ್ಯಾಂಡ್ ಮತ್ತು ಲ್ಯಾಂಡ್‌ಲೈನ್ ಮಾತ್ರ. ಜೊತೆಗೆ ತಗೊಂಡಿದ್ದ ಟಿವಿ ಪ್ಯಾಕ್‌ಗೆ ನೀವೇ ಬೇರೆಯಾಗಿ ನೋಟಿಸ್ ಕೊಡಬೇಕು. ಕೊಡದಿದ್ರೆ ಇಂಟರ್ನೆಟ್ ಹೋಗಿ ಆರು ತಿಂಗಳಾದ್ರೂ ಟಿವಿ ದುಡ್ಡು ಖಾತೆಯಿಂದ ಹೋಗ್ತಾನೇ ಇರುತ್ತೆ. ಕೆಲವು ಒಪ್ಪಂದಗಳಲ್ಲಿ ಟಿವಿಗೆ ಬೇರೆ ಏರಿಕೆ, ಬ್ರಾಡ್‌ಬ್ಯಾಂಡ್‌ಗೆ ಬೇರೆ ಏರಿಕೆ, ಎರಡೂ ಒಂದೇ ಬಿಲ್ಲಿನಲ್ಲಿ ಸದ್ದಿಲ್ಲದೆ ಕೂತಿರ್ತಾವೆ. ಕ್ರಿಕೆಟ್ಟಿಗೋಸ್ಕರ ಎರಡು ವರ್ಷದ ಟಿವಿ ಒಪ್ಪಂದಕ್ಕೆ ಸಿಕ್ಕಿಹಾಕ್ಕೋಬೇಡಿ. 2025ರಲ್ಲಿ ಭಾರತ ಇಲ್ಲಿ ಆಡಿದ 5 ಟೆಸ್ಟ್‌ಗಳು ಜೂನ್ 20ಕ್ಕೆ ಶುರುವಾಗಿ ಆಗಸ್ಟ್ 4ಕ್ಕೆ ಮುಗಿದ್ವು. ನೌ (NOW) ಅನ್ನೋ ಆನ್‌ಲೈನ್ ಟಿವಿ ಸೇವೆ ಥರದ್ದರಲ್ಲಿ ತಿಂಗಳ ಸದಸ್ಯತ್ವ ಎರಡು ತಿಂಗಳು ತಗೊಂಡ್ರೆ ಇಡೀ ಸರಣಿ ನೋಡಬಹುದಿತ್ತು.

ಸಿಟ್ಟಿನಲ್ಲಿ ಮಾಡಲೇಬಾರದ ಕೆಲಸ ಇನ್ನೊಂದಿದೆ: ಬ್ಯಾಂಕಿನ ಆ್ಯಪ್‌ಗೆ ಹೋಗಿ ಡೈರೆಕ್ಟ್ ಡೆಬಿಟ್ ಕಿತ್ತುಹಾಕೋದು. ಒಪ್ಪಂದ ಹಾಗೇ ಇರುತ್ತೆ, ಬಾಕಿ ಏರುತ್ತೆ, ಕ್ರೆಡಿಟ್ ಫೈಲ್‌ನಲ್ಲಿ ಕಪ್ಪುಚುಕ್ಕೆ ಬೀಳುತ್ತೆ. ನಾಳೆ ಮಾರ್ಟ್‌ಗೇಜ್‌ಗೆ ಹೋದಾಗ ಅದು ಎದುರಿಗೆ ನಿಲ್ಲುತ್ತೆ. ಜಗಳ ಕಂಪನಿ ಜೊತೆ ಆಡಿ, ಲಿಖಿತ ದೂರು ಕೊಡಿ, ಬಗೆಹರಿಯದಿದ್ರೆ ಇನ್ನು ನಮ್ಮಿಂದ ಆಗಲ್ಲ ಅಂತ ಅವರು ಬರೆದು ಕೊಡೋ ಡೆಡ್‌ಲಾಕ್ ಲೆಟರ್ ಕೇಳಿ ಪಡೆದು, ಇಂಥ ದೂರು ವಿಚಾರಿಸೋ ಆಂಬುಡ್ಸ್‌ಮನ್ ಹತ್ರ ಹೋಗಿ. ಗ್ರಾಹಕರಿಗೆ ಅದಕ್ಕೆ ಖರ್ಚಿಲ್ಲ.

ಒಪ್ಪಂದ ಮುಗಿಯೋಕೆ 10ರಿಂದ 40 ದಿನ ಮುಂಚೆ ಕಂಪನಿ ನಿಮಗೆ ತಿಳಿಸಲೇಬೇಕು, 2020ರ ಫೆಬ್ರವರಿಯಿಂದ ಆ ನಿಯಮ ಇದೆ. ಆ ಪತ್ರ ಬಂದ ದಿನ ಫೋನ್ ಮಾಡಿ. ಬಿಲ್ ವಿಭಾಗಕ್ಕಲ್ಲ, ಬಿಟ್ಟು ಹೋಗ್ತೀನಿ ಅನ್ನೋರ ವಿಭಾಗಕ್ಕೆ. ನಿಮ್ಮ ಪೋಸ್ಟ್‌ಕೋಡ್‌ಗೆ ಸಿಗೋ ಬೇರೆ ಕಂಪನಿಯ ದರ ಎದುರಿಗಿರಲಿ. "24 ತಿಂಗಳಿಗೆ ಏರಿಕೆ ಎಲ್ಲಾ ಸೇರಿ ಒಟ್ಟು ಎಷ್ಟು?" ಅಂತ ಕೇಳಿ. ತಿಂಗಳ ದರ ಹೇಳಿದ್ರೆ ಮತ್ತೆ ಒಟ್ಟು ಕೇಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಸೇರೋರು ಮೊದಲ ಏಪ್ರಿಲ್ ಏರಿಕೆ ಬಿಡ್ತೀರಾ ಅಂತಲೂ ಕೇಳಿ. ಒಂದು ವರ್ಷದ ಮಾಸ್ಟರ್ಸ್‌ಗೆ ಬಂದವರಂತೂ 24 ತಿಂಗಳ ಹತ್ರ ಸುಳೀಬೇಡಿ, ತಿಂಗಳ ನೋಟಿಸ್‌ಗೆ ಬಿಡಬಹುದಾದ ರೋಲಿಂಗ್ ಪ್ಲಾನು ಇಲ್ಲಾ 12 ತಿಂಗಳದ್ದು ನೋಡಿ. ಯೂನಿವರ್ಸಲ್ ಕ್ರೆಡಿಟ್ ಅನ್ನೋ ಸರ್ಕಾರದ ನೆರವು ಪಡೆಯೋರಿಗೆ ಸೋಷಿಯಲ್ ಟ್ಯಾರಿಫ್ ಅನ್ನೋ ಅಗ್ಗದ ಪ್ಲಾನು ಇದೆ.

"ಕಂಪನಿಗೂ ಖರ್ಚು ಏರುತ್ತಲ್ಲಾ" ಅಂತಾರೆ. ಏರಲಿ! ಎರಡು ವರ್ಷದ ಖರ್ಚು ಎರಡು ವರ್ಷದ ಬೆಲೆಯಲ್ಲಿ ಸೇರಿಸಿ ಮೊದಲೇ ಹೇಳಿ. 29 ಅಂದ್ರೆ 29 ಅಂತ ಬೋರ್ಡ್ ಹಾಕಿ. ಕೆಲವು ಸಣ್ಣ ಕಂಪನಿಗಳು ಒಪ್ಪಂದದ ಮಧ್ಯೆ ಏರಿಸಲ್ಲ ಅಂತ ಹೇಳ್ಕೊಂಡೇ ವ್ಯಾಪಾರ ಮಾಡ್ತಿಲ್ವಾ? ಸಣ್ಣವರಿಗೆ ಆಗೋದು ಈ ದೊಡ್ಡವರಿಗೆ ಯಾಕಾಗಲ್ಲ? ಆಗುತ್ತೆ. 25 ಅಂತ ಕರೆದು 33 ತಗೊಳ್ಳೋದು ಹೆಚ್ಚು ಲಾಭ, ಅದಕ್ಕೇ ಮಾಡಲ್ಲ. ಕಾಫಿ ದುಡ್ಡು ಅಂದವರೇ, ನಿಮಗೇ ಹೇಳ್ತಿದ್ದೀನಿ: ದುಡ್ಡು ನಾಲ್ಕೋ ನಲವತ್ತೋ, ನನಗೆ ಅದಲ್ಲ. ಕಟ್ಟಿದ್ರೆ ಇಬ್ಬರನ್ನೂ ಕಟ್ಟಿ, ಬಿಟ್ರೆ ಇಬ್ಬರನ್ನೂ ಬಿಡಿ! 24 ತಿಂಗಳು ನಾವು ಕದಲಬಾರದು ಅಂದ್ರೆ ಬೆಲೆ ಒಂದು ಪೆನ್ನಿ ಕದಲಬಾರದು. ಒಂದೇ ಒಂದು ಪೆನ್ನಿ!

ಈ ಕಂತನ್ನ ನಿಮ್ಮ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಅದಕ್ಕೆ 24 ತಿಂಗಳಲ್ಲ, ಯಾವತ್ತೂ ದುಡ್ಡಿಲ್ಲ. ನಿಮ್ಮ ಒಪ್ಪಂದ ಯಾವ ತಿಂಗಳು ಶುರುವಾಯ್ತು, ಏಪ್ರಿಲ್ ಏರಿಕೆ ಎಷ್ಟು ಅಂತ ಕೆಳಗೆ ಬರೀರಿ, ಒಟ್ಟು ಮೊತ್ತ ನಾನು ಲೆಕ್ಕ ಹಾಕಿ ಉತ್ತರ ಕೊಡ್ತೀನಿ. ಕಾಫಿಯವರೇ, ಮೊದಲು ನಿಮ್ಮದು ಬರೀರಿ.