ಮೊದಲು ಕಿಡಿ, ಆಮೇಲೆ ಪೆಟ್ರೋಲು

ಕೇಳುಗರಿಗೆ ನಮಸ್ಕಾರ. ಹಳೆಯ ಕಾರನ್ನು ಜತನದಿಂದ ಇಟ್ಟುಕೊಂಡು, ಅದು ಮುಷ್ಕರ ಹೂಡಿದಾಗಲೆಲ್ಲ ಬಾನೆಟ್ ತೆರೆದು ಕಂಗಾಲಾಗಿ ನಿಲ್ಲುವವರಿಗೆ ಈ ಮಾತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಕೈ ಹಾಕುವ ಮುನ್ನ, ಆ ಪೆಟ್ರೋಲನ್ನು ಹೊತ್ತಿಸುವ ಪ್ಲಗ್ಗಿನ ಕಿಡಿ ನೋಡಿ. ನಾನು ಹೇಳಬೇಕಾದದ್ದು ಇಷ್ಟೇ.

ಹಿರಿಯರೊಬ್ಬರ ಕಾರು ತಣ್ಣಗಿರುವಾಗ ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟರ್, ಒಂದೇ ಸಲ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಎಂಜಿನ್ ಚೆನ್ನಾಗಿ ಕಾದ ಮೇಲೆ ಮುಗ್ಗರಿಸಿ, ಎಳೆತ ಕಳೆದುಕೊಂಡು ನಿಂತುಬಿಡುತ್ತಿತ್ತು. ಅರ್ಧ ಗಂಟೆ ಆರಲು ಬಿಟ್ಟರೆ ಏನೂ ಆಗದಂತೆ ಹೊರಡುತ್ತಿತ್ತು. ಶಾಖಕ್ಕೆ ಪೆಟ್ರೋಲು ಆವಿಯಾಗುತ್ತಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಕಾರ್ಬ್ಯುರೇಟರ್ ತೊಳೆದದ್ದಾಯಿತು, ಅದರೊಳಗೆ ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಬದಲಿಸಿದ್ದಾಯಿತು, ಹೊಸ ಪೆಟ್ರೋಲ್ ಪಂಪೂ ಬಂತು. ಕಾರು ಮಾತ್ರ ಹಳೆಯ ಹಟ ಬಿಡಲಿಲ್ಲ. ಕಿಡಿಯನ್ನು ಒಬ್ಬರೂ ನೋಡಿರಲಿಲ್ಲ!

ನಾನು ಅವರ ಪಕ್ಕದಲ್ಲಿ ಕುಳಿತು, ಕಾರು ನಿಲ್ಲುವವರೆಗೂ ಓಡಿಸಲು ಹೇಳಿದೆ. ನಿಂತ ಜಾಗದಲ್ಲೇ, ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿದೆ. ಅದರೊಳಗೆ ಕೂಡುತ್ತ ಬಿಡುತ್ತ ವಿದ್ಯುತ್ತನ್ನು ಕಡಿಯುವ ಪಾಯಿಂಟುಗಳು ಬಿಚ್ಚಿಕೊಂಡಾಗಲೆಲ್ಲ ಅವುಗಳ ನಡುವೆ ಕಣ್ಣು ಕುಕ್ಕುವ ನೀಲಿ ಬೆಳಕು. ಪ್ಲಗ್ಗಿಗೆ ತಲುಪಬೇಕಾದ ಶಕ್ತಿ ಅಲ್ಲೇ ಉರಿದುಹೋಗುತ್ತಿತ್ತು. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರಿನ ಮುಖದಲ್ಲಿ ಅದಕ್ಕೆ ಸರಿಯಾಗಿ ಒಂದು ಉಬ್ಬು. ಪಾಯಿಂಟುಗಳ ನಡುವೆ ಹೀಗೆ ಕಿಡಿ ಹಾರದಂತೆ ತಡೆಯಬೇಕಾದ, ಪಕ್ಕದಲ್ಲಿದ್ದ ಪುಟ್ಟ ಕಂಡೆನ್ಸರ್ ಬಿಸಿಯಾದಾಗಲೆಲ್ಲ ಕೈಕೊಡುತ್ತಿತ್ತು; ತಣಿದರೆ ಮತ್ತೆ ಕೆಲಸ ಮಾಡುತ್ತಿತ್ತು. ಅದನ್ನೂ ಪಾಯಿಂಟುಗಳನ್ನೂ ಬದಲಿಸಿ, ಅಂತರವನ್ನು ಕೈಪಿಡಿಯಲ್ಲಿ ಇದ್ದಂತೆ 0.4 ಮಿಲಿಮೀಟರಿಗೆ ಹೊಂದಿಸಿದೆವು. ಮತ್ತೆ ಆ ಕಾರು ದಾರಿಯಲ್ಲಿ ನಿಲ್ಲಲಿಲ್ಲ.

ಆದ್ದರಿಂದ ದಯವಿಟ್ಟು ಕಿಡಿ ನೋಡಿ, ಅದನ್ನೂ ತೊಂದರೆ ಕಾಣಿಸಿಕೊಂಡ ಹೊತ್ತಿನಲ್ಲೇ ನೋಡಿ. ತಣಿದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪ್ಲಗ್ಗಿನ ತಂತಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಹತ್ತಿರದಲ್ಲಿ ಪೆಟ್ರೋಲು ಸೋರಿರಬಾರದು. ಚಟ್ ಎಂದು ಸದ್ದು ಮಾಡುವ ದಪ್ಪ ನೀಲಿ ಕಿಡಿ ಬಂದರೆ ಒಳ್ಳೆಯದು. ಹಳದಿಯಾಗಿ, ಎಳೆಯಂತೆ ತೆಳ್ಳಗೆ ಬಂದರೆ ಕಂಡೆನ್ಸರ್, ಪಾಯಿಂಟ್, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ನೋಡಿ. ಕಾರ್ಬ್ಯುರೇಟರ್ ತನ್ನ ಪಾಡಿಗೆ ಇರಲಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸೆಲ್ಫ್ ತಿರುಗದೆ ಹೆಡ್‌ಲೈಟ್ ಮಂಕಾದರೆ ಬ್ಯಾಟರಿಯ ಜೋಡಣೆಗಳನ್ನೂ ಅದನ್ನು ಕಾರಿನ ಮೈಗೆ ಜೋಡಿಸುವ ಅರ್ತ್ ಪಟ್ಟಿಯನ್ನೂ ಉಜ್ಜಿ ಬಿಗಿಮಾಡಿ. ಪ್ಲಗ್ಗಿನ ತುದಿಯಲ್ಲಿ ಒಣ ಕರಿಮಸಿ ಕಟ್ಟಿದ್ದರೆ ತಣ್ಣಗಿನ ಎಂಜಿನ್ ಹೊರಡಿಸಲು ಎಳೆಯುವ ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿದೆಯೇ ನೋಡಿ. ಕಿಡಿ ಚೆನ್ನಾಗಿದ್ದೂ ಕಾರು ನಿಲ್ಲುತ್ತಿದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಸ್ಸೆಂದು ಗಾಳಿ ಒಳಕ್ಕೆ ನುಗ್ಗಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ ಎಂದು ಅರ್ಥ. ಸಣ್ಣ ತಂತಿಯಿಂದ ಅದನ್ನು ಬಿಡಿಸಿಕೊಳ್ಳಿ. ನಮಸ್ಕಾರ.